ಎದುರುದಾರರ ಹೆಸರಿನ ಜಾಗ

ಹೋದ ವಾರ ನಮ್ಮ ಬೀದಿಯ ಕೊನೆಯ ಮನೆಯವರು ಒಂದು ದೂರು ಬರೆಸಿಕೊಳ್ಳಲು ಬಂದಿದ್ದರು. ಪಹಣಿ ತಿದ್ದುಪಡಿ, ವೃದ್ಧಾಪ್ಯ ವೇತನ, ಬೆಳೆ ವಿಮೆ, ಏನೇ ಇದ್ದರೂ ಸಂಜೆ ಹೊತ್ತು ಯಾರಾದರೂ ಬಂದು ನಮ್ಮ ಜಗಲಿಯ ಮೇಲೆ ಕೂರುವುದು ವಾಡಿಕೆ. ಇವರದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡಬೇಕಾದ ದೂರು. ಕೋಲಾರದ ಎಪಿಎಂಸಿಯಿಂದ ಟೊಮೆಟೊ ಸಾಗಿಸುವ ಒಂದೇ ಒಂದು ಪಿಕಪ್ ಅವರ ಇಡೀ ಮನೆಯ ಅನ್ನ. ಎಂಜಿನ್ ಬೋರಿಗೆ ಬಂದಿದೆ, ಅಂದರೆ ಸಿಲಿಂಡರ್ ಸವೆದಿದೆ ಎಂದು ಎರಡು ತಿಂಗಳ ಹಿಂದೆ ಇಳಿಸಿ, ಹೆಂಡತಿಯ ಚಿನ್ನ ಅಡವಿಟ್ಟು ಪೂರ್ತಿ ಕೆಲಸ ಮಾಡಿಸಿದ್ದರು. ಈಗ ಅದೇ ಗಾಡಿ ಅದೇ ಗ್ಯಾರೇಜಿನ ಅದೇ ಮೂಲೆಯಲ್ಲಿ ಮತ್ತೆ ನಿಂತಿದೆ. ಬೇರಿಂಗ್ ಹೋಗಿದೆ, ಎಂಜಿನ್ನಿನೊಳಗೆ ತಿರುಗುವ ದಂಡ, ಕ್ರ್ಯಾಂಕ್, ಗೀರಿಕೊಂಡಿದೆ. ಮೆಕ್ಯಾನಿಕ್‌ನನ್ನು ಕೇಳಿದರೆ ಆ ದಂಡಕ್ಕೆ ಆಸರೆಯಾಗುವ ಲೋಹದ ಚಿಪ್ಪು, ಬೇರಿಂಗ್ ಶೆಲ್, ಡೂಪ್ಲಿಕೇಟ್ ಎನ್ನುತ್ತಾನೆ. ಬಿಡಿಭಾಗದ ಅಂಗಡಿಯವನು ತನ್ನ ಮಾಲು ಚೆನ್ನಾಗಿದೆ, ಕ್ರ್ಯಾಂಕ್ ಗ್ರೈಂಡಿಂಗ್ ಕೆಟ್ಟಿದೆ ಎನ್ನುತ್ತಾನೆ. ಗ್ರೈಂಡಿಂಗ್ ಮಾಡಿದವನು, ಆಯಿಲ್ ಪಂಪ್ ಬಿಚ್ಚಿ ನೋಡಿದ್ದಿರಾ ಎಂದು ತಿರುಗಿ ಕೇಳುತ್ತಾನೆ. ಕೊನೆಗೆ ಮೂವರೂ ಸೇರಿ, ಓಡಿಸಿದ ರೀತಿಯೇ ಸರಿಯಿಲ್ಲ ಎಂದು ಇವರ ಮೇಲೆಯೇ ಗೂಬೆ ಕೂರಿಸಿದ್ದಾರೆ.

ನಾನು ಹಾಳೆಯ ಮೇಲೆ ದೂರುದಾರರ ಹೆಸರು, ವಿಳಾಸ ಬರೆದೆ. ಅದರ ಕೆಳಗೆ ‘ಎದುರುದಾರರು’ ಎಂದು ಬರೆದು ಎರಡು ಚುಕ್ಕೆ ಇಟ್ಟೆ. ಪೆನ್ನು ಅಲ್ಲೇ ನಿಂತಿತು. “ಮೆಕ್ಯಾನಿಕ್ ಹೆಸರು ಬರೆಯಿರಿ ಸಾರ್, ಇನ್ಯಾರದು?” ಎಂದರು ಅವರು. ಒಂದೇ ಹೆಸರು ಬರೆಯಬೇಕೆಂಬ ನಿಯಮವೇನೂ ಇಲ್ಲ, ಮೂವರನ್ನೂ ಎದುರುದಾರರನ್ನಾಗಿ ಮಾಡಬಹುದು. ನನ್ನ ಕೈ ತಡೆದದ್ದು ಕಾನೂನು ಅಲ್ಲ. 2008ರ ಬೇಸಿಗೆಯಲ್ಲಿ ನಮ್ಮ ಅಪ್ಪನೂ ಇದೇ ದನಿಯಲ್ಲಿ “ಮೇಸ್ತ್ರಿ ಅಲ್ಲದೆ ಇನ್ಯಾರು?” ಎಂದು ಕೇಳಿದ್ದರು. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ನಾನು. ನಾಳೆ ಬನ್ನಿ ಎಂದು ಅವರನ್ನು ಕಳುಹಿಸಿಕೊಟ್ಟೆ.

ಒಂದು ಎಂಜಿನ್ ಹತ್ತಿ ಇಳಿಯುವ ಮೆಟ್ಟಿಲು

ನಮ್ಮಂಥ ಊರುಗಳಲ್ಲಿ ಎಂಜಿನ್ ಕೆಲಸ ಎಂದರೆ ಒಬ್ಬನ ಕೈಯ ಕೆಲಸವಲ್ಲ. ಮೇಸ್ತ್ರಿ ಎಂಜಿನ್ ಇಳಿಸಿ ಬಿಚ್ಚುತ್ತಾನೆ. ಬ್ಲಾಕ್, ಹೆಡ್, ಕ್ರ್ಯಾಂಕ್ ಮೂರೂ ಬೋರಿಂಗ್ ಅಂಗಡಿಗೆ, ಅಂದರೆ ಸಿಲಿಂಡರ್ ಕೊರೆದು ಸರಿಪಡಿಸುವಲ್ಲಿಗೆ, ಹೋಗುತ್ತವೆ. ಅಲ್ಲಿ ಸ್ಲೀವ್ ಕೂರಿಸುವುದು, ಬೋರ್, ಹೋನಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್. ಪಂಪ್ ಮತ್ತು ನಾಝಲ್ ಇನ್ನೊಂದು ಅಂಗಡಿಗೆ. ರೇಡಿಯೇಟರ್ ಮತ್ತೊಂದು ಅಂಗಡಿಗೆ. ಪಿಸ್ಟನ್, ರಿಂಗ್, ಶೆಲ್, ಗ್ಯಾಸ್ಕೆಟ್ ಸೆಟ್ ಊರಿನಲ್ಲಿ ಸಿಗದಿದ್ದರೆ, ಇಲ್ಲವೇ ನಾಲ್ಕು ಕಾಸು ಉಳಿಯುತ್ತದೆ ಎಂದು ಕಂಡರೆ, ಮಾಲೀಕನೇ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ತರುತ್ತಾನೆ. ಎಲ್ಲ ಬಂದ ಮೇಲೆ ಮೇಸ್ತ್ರಿ ಜೋಡಿಸುತ್ತಾನೆ. ಈ ಎಲ್ಲ ಅಂಗಡಿಗಳ ನಡುವೆ ಓಡಾಡುವುದು ಬರಿಯ ಬಾಯಿಮಾತು. “ಹಾಫ್ ಎಂಎಂ ಬೋರ್ ಹಾಕಿ ಅಂದಿದ್ದಾರೆ”, “ಶೆಲ್ ಇಪ್ಪತ್ತೈದು ತರಬೇಕಂತೆ.” ಇಂಥ ಮಾತುಗಳನ್ನು ಹೊತ್ತು ಸಾಗಿಸುವವನು ಗ್ಯಾರೇಜಿನ ಹುಡುಗ, ಇಲ್ಲವೇ ಮನೆಯ ಹುಡುಗ. 2008ರಲ್ಲಿ ಆ ಹುಡುಗ ನಾನಾಗಿದ್ದೆ. ಎರಡನೇ ಪಿಯುಸಿ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದೆ.

ಅಪ್ಪನದು ಟಾಟಾ 407 ಮಿನಿ ಲಾರಿ. ಎಂಜಿನ್ನಿನ ಹೆಸರು 497. ನಾಲ್ಕು ಸಿಲಿಂಡರ್, ಒಂದೊಂದರ ಬೋರ್ 97 ಮಿಲಿಮೀಟರ್, ಆದ್ದರಿಂದ ಆ ಹೆಸರು. ಇದನ್ನು ನನಗೆ ಹೇಳಿಕೊಟ್ಟವರು ಮೇಸ್ತ್ರಿ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ನನ್ನನ್ನು ಕೂರಿಸಿ, ಬಿಡಿಭಾಗಗಳ ಪಟ್ಟಿ ಬರೆದುಕೊಳ್ಳಲು ಹೇಳಿದರು. ನಾನು ಕಾಲೇಜಿನ ನೋಟು ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದುಕೊಳ್ಳುತ್ತಾ ಹೋದೆ. ಪಿಸ್ಟನ್ ನಾಲ್ಕು, ರಿಂಗ್ ಸೆಟ್ ಒಂದು, ಮೇನ್ ಶೆಲ್, ಬಿಗ್ ಎಂಡ್ ಶೆಲ್, ಹೆಡ್ ಗ್ಯಾಸ್ಕೆಟ್. ಪಕ್ಕದಲ್ಲಿ ಬೆಲೆ. ಪಟ್ಟಿ ಮುಗಿಯುತ್ತಿದ್ದಂತೆ ಮೇಸ್ತ್ರಿ ರೇಡಿಯೇಟರಿನ ಬಾಯಿ ತೆರೆದು, ಬೆರಳು ಹಾಕಿ ಸವರಿ, ಬೆರಳ ತುದಿಯನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದರು. “ಅಣ್ಣಾ, ಇದನ್ನೂ ಇಳಿಸಿ ರಾಡಿಂಗ್ ಮಾಡಿಸಿಬಿಡೋಣ. ಎಂಟು ನೂರು ಆಗುತ್ತದೆ. ಕೊಳವೆಯೆಲ್ಲ ಸುಣ್ಣ ಕಟ್ಟಿದೆ” ಎಂದರು. ರಾಡಿಂಗ್ ಎಂದರೆ ಕೊಳವೆಗಳಲ್ಲಿ ಕಂಬಿ ತೂರಿಸಿ, ಕಟ್ಟಿದ್ದನ್ನು ತೆಗೆಯುವುದು. ಅಪ್ಪ ಆಗ ಎಪಿಎಂಸಿಯ ಮಂಡಿಯವರೊಂದಿಗೆ ಫೋನಿನಲ್ಲಿದ್ದರು. ಹದಿನೈದು ಕೆ.ಜಿ. ಬಾಕ್ಸಿನ ಬೆಲೆ ಏರತೊಡಗಿತ್ತು, ಗಾಡಿ ನಿಂತ ಒಂದೊಂದು ದಿನವೂ ನಷ್ಟ. ಕೈಯನ್ನು ಗಾಳಿಯಲ್ಲಿ ಆಡಿಸಿ “ಸೀಸನ್ ಆಗಲಿ ಬಿಡು” ಎಂದರೋ, ಮಂಡಿಯವರಿಗೇ ಹಾಗೆ ಅಂದರೋ, ಆ ಕ್ಷಣಕ್ಕೆ ಸ್ಪಷ್ಟವಾಗಲಿಲ್ಲ. ಮೇಸ್ತ್ರಿ ನನ್ನ ಕಡೆ ನೋಡಿದರು. ಬರೆದುಕೊ ಎನ್ನಲಿಲ್ಲ. ನಾನೂ ಬರೆದುಕೊಳ್ಳಲಿಲ್ಲ.

ರೇಡಿಯೇಟರಿನೊಳಗೆ ಸುಣ್ಣ ಹೇಗೆ ಬಂತು ಎಂದು ಕೋಲಾರದವರಿಗೆ ವಿವರಿಸಬೇಕಿಲ್ಲ. ಸಾವಿರ ಅಡಿ ಕೊರೆದು ಮೇಲೆತ್ತಿದ ಬೋರ್‌ವೆಲ್ ನೀರು ಸ್ನಾನಕ್ಕೆ ಕಾಯಿಸುವ ಹಂಡೆಯ ಒಳಗೆ ಏನು ಮಾಡುತ್ತದೋ, ಎಂಜಿನ್ನಿನ ಒಳಗೂ ಅದನ್ನೇ ಮಾಡುತ್ತದೆ. ಬಿಸಿಯಾದಷ್ಟೂ ಕ್ಯಾಲ್ಸಿಯಂ ಲವಣ ಬೇರ್ಪಟ್ಟು ಗೋಡೆಗೆ ಅಂಟುತ್ತದೆ, ಅದೂ ಅತಿ ಹೆಚ್ಚು ಬಿಸಿಯಿರುವ ಜಾಗದಲ್ಲೇ ಮೊದಲು. ಎರಕದ ಕಬ್ಬಿಣ ದಾಟಿಸುವ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲನ್ನೂ ಈ ಪದರ ದಾಟಿಸುವುದಿಲ್ಲ. ಕೂಲಂಟ್ ಹಾಕಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ದಾರಿಯಲ್ಲಿ ನೀರು ಕಡಿಮೆಯಾದಾಗ ಹೋಟೆಲಿನ ನಲ್ಲಿಯಿಂದ ಒಂದು ಬಾಟಲಿ ಹಿಡಿದು ಸುರಿದು ಮುಂದಕ್ಕೆ ಹೋಗುವುದೇ ಈ ರಸ್ತೆಯ ರೂಢಿ. ಅಪ್ಪನೂ ಹಾಗೆಯೇ ಮಾಡುತ್ತಿದ್ದರು, ಹದಿನಾಲ್ಕು ವರ್ಷ.

ಮೊಗಿಲಿ ಘಾಟಿ

ಕೆಲಸ ಮುಗಿದ ನಾಲ್ಕನೆಯ ದಿನವೇ ಗಾಡಿ ಪೂರ್ತಿ ಲೋಡಿನಲ್ಲಿ ಚೆನ್ನೈಗೆ ಹೊರಟಿತು. ಹೊಸ ರಿಂಗು ಹೊಸ ಬೋರಿಗೆ ಹೊಂದಿಕೊಳ್ಳುವ ತನಕ, ಮೊದಲ ಒಂದೆರಡು ಸಾವಿರ ಕಿಲೋಮೀಟರ್, ಹಗುರವಾಗಿ ಓಡಿಸಬೇಕೆಂದು ಮೇಸ್ತ್ರಿ ಹೇಳಿದ್ದರು. ಆ ಮಾತನ್ನು ಅಪ್ಪ ಮರೆತಿರಲಿಲ್ಲ, ವೇಗದಲ್ಲಿ ಪಾಲಿಸಿದರು. ಐವತ್ತಕ್ಕಿಂತ ಮೇಲೆ ಹೋಗಲೇ ಇಲ್ಲ. ತೂಕದಲ್ಲಿ ಪಾಲಿಸುವುದು ಆ ತಿಂಗಳಲ್ಲಿ ಸಾಧ್ಯವಿರಲಿಲ್ಲ.

ಮೂರನೆಯ ವಾರದ ಟ್ರಿಪ್ಪಿಗೆ ನಾನೂ ಹೋಗಿದ್ದೆ. ಚೆನ್ನೈನ ಕೊಯಂಬೇಡು ಮಾರುಕಟ್ಟೆಯಲ್ಲಿ ಟೊಮೆಟೊ ಇಳಿಸಿ, ವಾಪಸ್ ಬಾಡಿಗೆಗೆ ಅಕ್ಕಿ ಮೂಟೆ ಹೇರಿಕೊಂಡು, ಚಿತ್ತೂರು ದಾಟುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು. ಮೇ ತಿಂಗಳ ಬಿಸಿಲು. ಬಂಗಾರುಪಾಳ್ಯ ದಾಟಿದ ಮೇಲೆ ಪಲಮನೇರಿಗೆ ಏರುವ ಮೊಗಿಲಿ ಘಾಟಿಯಲ್ಲಿ ಗಾಡಿ ಎರಡನೇ ಗೇರಿಗೆ ಬಂತು. ಹೀಟ್ ಮೀಟರಿನ ಮುಳ್ಳು ಎಷ್ಟೋ ವರ್ಷದಿಂದ ಕೆಳಗೇ ಮಲಗಿತ್ತು, ಅದನ್ನು ಯಾರೂ ನೋಡುತ್ತಿರಲಿಲ್ಲ. ಅಪ್ಪ ನೋಡುತ್ತಿದ್ದದ್ದು ಕಿವಿಯಿಂದ. ಸಣ್ಣ ತಿರುವೊಂದರಲ್ಲಿ ಅವರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು. ಎಂಜಿನ್ನಿನ ಸದ್ದಿನ ಕೆಳಗೆ ಇನ್ನೊಂದು ಸದ್ದು ಹುಟ್ಟಿತ್ತು, ಒಣಗಿದ ಸದ್ದು, ಬಾವಿಯ ರಾಟೆಗೆ ಎಣ್ಣೆಯಿಲ್ಲದಾಗ ಬರುವಂಥದ್ದು. “ಎಳೆಯುತ್ತಿಲ್ಲ” ಎಂದರು. ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ನಿಧಾನವಾಯಿತು, ಯಾರೋ ಹಿಂದಿನಿಂದ ಹಿಡಿದು ನಿಲ್ಲಿಸಿದ ಹಾಗೆ. ಬದಿಗೆ ಎಳೆಯುವಷ್ಟರಲ್ಲಿ ತಾನಾಗಿ ನಿಂತಿತು. ಅಪ್ಪ ಚಾವಿ ತಿರುಗಿಸಿದರು, ‘ಟಕ್’ ಎಂದಿತು ಅಷ್ಟೆ. ಇನ್ನೊಮ್ಮೆ ತಿರುಗಿಸಲಿಲ್ಲ. ಕೈಗಳನ್ನು ಸ್ಟಿಯರಿಂಗಿನ ಮೇಲೆ ಹಾಗೇ ಇಟ್ಟುಕೊಂಡು ಎದುರಿನ ಬಂಡೆಯನ್ನು ನೋಡುತ್ತಾ ಕೂತರು. ನಾನು ಕೆಳಗಿಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಆ ಮೌನದ ಇಪ್ಪತ್ತು ನಿಮಿಷ ನನಗೆ ಇವತ್ತಿಗೂ ನೆನಪಿದೆ. ಕೊನೆಗೆ ಅಪ್ಪ ಹೇಳಿದ ಮೊದಲ ಮಾತು: “ಮೇಸ್ತ್ರಿ ಮುಳುಗಿಸಿಬಿಟ್ಟ.”

ಗೋಣಿಚೀಲದ ಮೇಲೆ ಹರಡಿದ ಸಾಕ್ಷಿ

ಸರಪಳಿ ಕಟ್ಟಿ ಎಳೆಸಿಕೊಂಡು ಬಂದ ಗಾಡಿಯನ್ನು ಬೇರೆ ಗ್ಯಾರೇಜಿನಲ್ಲಿ ಬಿಚ್ಚಿಸುತ್ತೇನೆ ಎಂದು ಅಪ್ಪ ಹಟ ಹಿಡಿದರು. ಆಗ ತಡೆದದ್ದು ಬೋರಿಂಗ್ ಅಂಗಡಿಯ ತಾತ. ಕೆಜಿಎಫ್‌ನ ಗಣಿಯ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿ ಆಯುಷ್ಯ ಕಳೆದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೋಲಾರಕ್ಕೆ ಬಂದು, ಬೇರೆಯವರ ಅಂಗಡಿಯಲ್ಲಿ ಬೋರಿಂಗ್ ಯಂತ್ರದ ಮುಂದೆ ನಿಂತಿದ್ದರು. ಮೂರು ಕಿಲೋಮೀಟರಿಗೂ ಆಳದ ಶಾಫ್ಟಿನಲ್ಲಿ ಮನುಷ್ಯರನ್ನು ಇಳಿಸಿ ಹತ್ತಿಸುವ ಯಂತ್ರಗಳ ಭಾಗ ಮಾಡಿದ ಕೈ ಅದು. ತಮಿಳು ಬೆರೆತ ಕನ್ನಡದಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಜೋಡಿಸಿದವನ ಎದುರಿನಲ್ಲೇ ಬಿಚ್ಚಿ, ನನ್ನನ್ನೂ ಕರೆಯಿರಿ, ಒಂದು ಭಾಗವನ್ನೂ ತೊಳೆಯಬೇಡಿ.

ತೊಳೆಯಬೇಡಿ ಎಂದದ್ದು ಯಾಕೆಂದು ನನಗೆ ಆಮೇಲೆ ತಿಳಿಯಿತು. ಗೋಣಿಚೀಲ ಹಾಸಿ ಒಂದೊಂದೇ ಭಾಗವನ್ನು ಕ್ರಮವಾಗಿ ಇಟ್ಟರು. ತಾತ ಮೊದಲು ಎತ್ತಿಕೊಂಡದ್ದು ಬೇರಿಂಗ್ ಶೆಲ್. ಎಣ್ಣೆ ಸಿಗದೆ ಓಡಿದ್ದರೆ ಮೇಲಿನ ಬೂದು ಪದರ ಕರಗಿ ಒಳಗಿನ ತಾಮ್ರದ ಬಣ್ಣ ಕಾಣುತ್ತದೆ, ಗ್ರೈಂಡಿಂಗ್ ಪುಡಿ ಎಣ್ಣೆಯ ದಾರಿಯಲ್ಲಿ ಉಳಿದಿದ್ದರೆ ಶೆಲ್ಲಿನಲ್ಲಿ ಚುಕ್ಕೆಯಾಗಿ ಹೂತುಕೊಂಡಿರುತ್ತದೆ ಎಂದರು. ನಮ್ಮದು ಬೂದಾಗಿಯೇ ಇತ್ತು, ನುಣ್ಣಗೆ. ಪಕ್ಕಕ್ಕಿಟ್ಟರು. ಆಮೇಲೆ ಮೂರನೇ ಸಿಲಿಂಡರಿನ ಪಿಸ್ಟನ್. ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರು. ಉಜ್ಜಿದ ಗಾಯ ಸುತ್ತಲೂ ಇರಲಿಲ್ಲ. ಒಂದೇ ಪಕ್ಕದಲ್ಲೂ ಇರಲಿಲ್ಲ. ಪಿನ್ನಿನ ರಂಧ್ರದ ಎರಡು ಬದಿಗೆ, ಆಚೆ ಎರಡು, ಈಚೆ ಎರಡು, ಒಟ್ಟು ನಾಲ್ಕು ಕಡೆ ಅಲ್ಯುಮಿನಿಯಂ ಕಿತ್ತುಬಂದಿತ್ತು. “ನಾಲ್ಕು ಮೂಲೆ” ಎಂದರು ತಾತ. “ಬೋರ್ ಬಿಗಿ ಇದ್ದರೆ ಗಾಯ ಎದುರುಬದುರು ಆಗುತ್ತದೆ. ನಾಲ್ಕು ಮೂಲೆ ಹಿಡಿದರೆ ಅದು ಕಾವು.”

ಈ ಲೆಕ್ಕವನ್ನು ನಾನು ಪದವಿಯಲ್ಲಿ ಭೌತಶಾಸ್ತ್ರ ಓದುವಾಗ ಕಾಗದದ ಮೇಲೆ ಮಾಡಿ ನೋಡಿದೆ. ನೂರು ಡಿಗ್ರಿ ಏರಿದರೆ 97 ಮಿಲಿಮೀಟರ್ ಅಗಲದ ಅಲ್ಯುಮಿನಿಯಂ ಸುಮಾರು 0.22 ಮಿಲಿಮೀಟರ್ ಹಿಗ್ಗುತ್ತದೆ, ಎರಕದ ಕಬ್ಬಿಣ ಅದರ ಅರ್ಧದಷ್ಟು. ಇವೆರಡರ ನಡುವೆ ಬಿಟ್ಟಿರುವ ಸಂದು ಕೂದಲೆಳೆಯಷ್ಟು. ಶಾಖ ಹೊರಗೆ ಹೋಗುವ ದಾರಿ ಕಟ್ಟಿದರೆ ಪಿಸ್ಟನ್ ಆ ಸಂದನ್ನು ತಾನೇ ತುಂಬಿಕೊಳ್ಳುತ್ತದೆ. ಪಿನ್ ಕೂರುವ ಜಾಗದಲ್ಲಿ ಲೋಹ ದಪ್ಪ, ಅಲ್ಲಿ ಬಳುಕುವುದಿಲ್ಲ. ಆದ್ದರಿಂದ ಅದರ ಅಕ್ಕಪಕ್ಕವೇ ಮೊದಲು ಹಿಡಿಯುತ್ತದೆ.

ತಾತ ಅಷ್ಟಕ್ಕೆ ನಿಲ್ಲಿಸಲಿಲ್ಲ. ಬ್ಲಾಕಿನ ಪಕ್ಕದಲ್ಲಿ ಬಟ್ಟಲಿನ ಆಕಾರದ ಮುಚ್ಚಳಗಳಿರುತ್ತವೆ, ಗ್ಯಾರೇಜಿನಲ್ಲಿ ಡಮ್ಮಿ ಎನ್ನುತ್ತಾರೆ. ಒಂದನ್ನು ಉಳಿಯಿಂದ ಹೊಡೆದು ತೆಗೆದು, ಸ್ಕ್ರೂಡ್ರೈವರ್ ತೂರಿಸಿ ಕೆರೆದರು. ಬಿಳಿಯ, ನಡುನಡುವೆ ತುಕ್ಕಿನ ಕೆಂಪು ಹಿಡಿದ ಹಕ್ಕಳೆಗಳು ಗೋಣಿಚೀಲದ ಮೇಲೆ ಉದುರಿದವು. ಒಂದು ತುಂಡನ್ನು ನಾನು ಕೈಗೆ ತೆಗೆದುಕೊಂಡೆ. ಮೊಟ್ಟೆಯ ಸಿಪ್ಪೆಗಿಂತ ದಪ್ಪ, ಒಂದು ಮುಖ ಗೋಡೆಯ ಬಾಗಿಗೆ ತಕ್ಕಂತೆ ಬಾಗಿತ್ತು. ಅಮ್ಮ ತಿಂಗಳಿಗೊಮ್ಮೆ ಹುಣಸೆಹಣ್ಣು ಹಾಕಿ ಹಂಡೆಯಿಂದ ಎಬ್ಬಿಸುತ್ತಿದ್ದ ಪದರವೇ.

ಯಾರೂ ಮಾತನಾಡಲಿಲ್ಲ. ಆಮೇಲೆ ತಾತನೇ ಹೇಳಿದರು: “ಬ್ಲಾಕ್ ನನ್ನ ಹತ್ತಿರ ಬಂದಾಗ ನಾನು ಬೋರ್ ಮಾತ್ರ ನೋಡಿದೆ. ಕಾಸ್ಟಿಕ್ ತೊಟ್ಟಿಯಲ್ಲಿ ಮುಳುಗಿಸಿದೆ, ಅದರಿಂದ ಜಿಡ್ಡು ಹೋಗುತ್ತದೆ, ಸುಣ್ಣ ಹೋಗುವುದಿಲ್ಲ. ನೀರಿನ ದಾರಿ ನೋಡು ಎಂದು ಯಾರೂ ಹೇಳಲಿಲ್ಲ. ಹೇಳದಿದ್ದರೂ ನೋಡಬೇಕಾಗಿತ್ತು.” ಆ ಗ್ಯಾರೇಜಿನಲ್ಲಿ ಅವತ್ತು ತನ್ನ ಪಾಲನ್ನು ತಾನೇ ಎತ್ತಿ ಮುಂದಿಟ್ಟವರು ಅವರೊಬ್ಬರೇ.

ಮೇಸ್ತ್ರಿ ಅಪ್ಪನ ಕಡೆ ತಿರುಗಿದರು. “ಅಣ್ಣಾ, ರೇಡಿಯೇಟರ್ ಮಾಡಿಸೋಣ ಎಂದು ನಾನು ಹೇಳಿದ್ದೆ.” “ಎಲ್ಲಿ ಹೇಳಿದೆ? ಯಾವತ್ತು ಹೇಳಿದೆ?” ಎಂದು ಅಪ್ಪ ಎದ್ದು ನಿಂತರು. ಕನ್ನಡದಲ್ಲಿದ್ದ ಜಗಳ ತೆಲುಗಿಗೆ ತಿರುಗಿತು. ಪಕ್ಕದ ಪಂಚರ್ ಅಂಗಡಿಯವರು ಬಂದು ನಿಂತರು. ಮೇಸ್ತ್ರಿ “ಇವನು ಇದ್ದನಲ್ಲ, ಪಟ್ಟಿ ಬರೆಯುತ್ತಿದ್ದನಲ್ಲ, ಇವನನ್ನೇ ಕೇಳಿ” ಎಂದರು. ಅಪ್ಪ ನನ್ನನ್ನು ಕೇಳಿದರು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಹಕ್ಕಳೆಯ ತುಂಡು ಇನ್ನೂ ನನ್ನ ಮುಷ್ಟಿಯಲ್ಲಿತ್ತು.

“ನನಗೆ ನೆನಪಿಲ್ಲ” ಎಂದೆ.

ಮೇಸ್ತ್ರಿ ಮರುಮಾತಾಡಲಿಲ್ಲ. ಎರಡನೆಯ ಸಲ ಎಂಜಿನ್ ಕೂರಿಸಿದ್ದಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ. ಬಿಡಿಭಾಗದ ಹಣ ಅಪ್ಪ ಕೊಟ್ಟರು. ಗಾಡಿ ಆಮೇಲೆ ಆರು ವರ್ಷ ಓಡಿತು. ಅಪ್ಪ ಆ ಗ್ಯಾರೇಜಿನ ಬಾಗಿಲು ಮತ್ತೆ ತುಳಿಯಲಿಲ್ಲ.

ಹೊಣೆ ಎಂದರೆ ಏನು

ಇಷ್ಟು ವರ್ಷ ಇದನ್ನು ತಲೆಯೊಳಗೆ ತಿರುವಿ ತಿರುವಿ ನಾನು ಬಂದು ನಿಂತಿರುವ ಜಾಗ ಇದು. ಪೂರ್ತಿ ಕೆಲಸ ಒಪ್ಪಿಕೊಂಡವನೇ ಮೊದಲ ಉತ್ತರ ಕೊಡಬೇಕು. ಬೋರಿಂಗ್ ಅಂಗಡಿಯನ್ನು ಆರಿಸಿದವನು ಅವನು, ಇಡೀ ಎಂಜಿನ್ನಿನ ಒಳಗೂ ಹೊರಗೂ ಕಣ್ಣು ಹಾಯಿಸುವ ಅವಕಾಶ ಇದ್ದವನು ಅವನೊಬ್ಬನೇ. 1872ರ ಕರಾರು ಕಾಯ್ದೆಯ 151ನೇ ಸೆಕ್ಷನ್, ನಿನ್ನ ವಶಕ್ಕೆ ಒಪ್ಪಿಸಿದ ವಸ್ತುವನ್ನು ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಂತೆ ನೋಡಿಕೊ ಎನ್ನುತ್ತದೆ. ತನ್ನದೇ ಗಾಡಿಯಾಗಿದ್ದರೆ ನಮ್ಮ ಮೇಸ್ತ್ರಿ ಆ ರೇಡಿಯೇಟರನ್ನು ಹಾಗೇ ಮರಳಿ ಕೂರಿಸುತ್ತಿದ್ದರೇ? ಖಂಡಿತ ಇಲ್ಲ. ಮಾಡಿಸದಿದ್ದರೆ ಗಾಡಿ ಕೊಡುವುದಿಲ್ಲ ಎನ್ನಬೇಕಿತ್ತು. ಹಾಗೆಂದರೆ ಗಿರಾಕಿ ಪಕ್ಕದ ಗ್ಯಾರೇಜಿಗೆ ಹೋಗುತ್ತಾನೆ, ಅಲ್ಲಿ ಯಾರೂ ಏನೂ ಕೇಳದೆ ಜೋಡಿಸಿಕೊಡುತ್ತಾರೆ ಎಂಬುದೂ ಅವರಿಗೆ ಗೊತ್ತಿತ್ತು. ಅವರ ತಪ್ಪಿನ ಅಳತೆ ಅಷ್ಟು. ಅದಕ್ಕಿಂತ ಹೆಚ್ಚಿನದನ್ನು ಅವರ ತಲೆಗೆ ಕಟ್ಟಿದವರು ನಾವು.

ನನ್ನ ಆ ಪಟ್ಟಿ ಈಗಲೂ ಇದೆ. ಬೆಲೆಗಳೆಲ್ಲ ಪೈಸೆ ಬಿಡದೆ ಇವೆ. ಬೋರಿನ ಅಳತೆ ಇಲ್ಲ, ಪಿಸ್ಟನ್‌ಗೆ ಬಿಟ್ಟ ಸಂದಿನ ಅಳತೆ ಇಲ್ಲ, ಬಿಡಿಭಾಗದ ಪೊಟ್ಟಣದ ನಂಬರಿಲ್ಲ. ‘ರೇಡಿಯೇಟರ್ ರಾಡಿಂಗ್, 800, ಬೇಡ ಎಂದರು’ ಎಂಬ ಒಂದು ಸಾಲು ಇದ್ದಿದ್ದರೆ ಎರಡು ಮನೆಗಳ ಇಪ್ಪತ್ತು ವರ್ಷದ ಸ್ನೇಹ ಉಳಿಯುತ್ತಿತ್ತು. ನನ್ನ ಈ ಮಾತನ್ನು ಗ್ಯಾರೇಜಿನವರು ಓದುವುದಾದರೆ ಕೈ ಮುಗಿದು ಕೇಳುತ್ತೇನೆ: ಹೇಳಿದ್ದನ್ನು ಬರೆಯಿರಿ, ಗಿರಾಕಿಯ ಸಹಿ ಹಾಕಿಸಿ. ಗಿರಾಕಿಗಳಿಗೂ ಅದನ್ನೇ ಹೇಳುತ್ತೇನೆ. ಎಂಜಿನ್ ಕೆಟ್ಟು ನಿಂತರೆ ಮೊದಲು ಬೈಯಬೇಡಿ, ಮೊದಲು ಫೋಟೊ ತೆಗೆಯಿರಿ. ಹಳೆಯ ಭಾಗ ಗುಜರಿಗೆ ಹೋದ ದಿನವೇ ಸತ್ಯವೂ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತದೆ.

ಬೀದಿಯ ಕೊನೆಯ ಮನೆಯವರು ಮರುದಿನ ಬಂದರು. ವ್ಯಾಪಾರದ ಗಾಡಿಗೆ ಗ್ರಾಹಕರ ಕಾನೂನು ಬರುವುದಿಲ್ಲ ಎಂದು ಯಾರೋ ಅವರನ್ನು ಹೆದರಿಸಿದ್ದರು. ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದೇ ಕೊಂಡು ತಾನೇ ಬಳಸುವ ವಸ್ತುವನ್ನು 2019ರ ಕಾಯ್ದೆ ವಾಣಿಜ್ಯ ಉದ್ದೇಶದ್ದೆಂದು ಎಣಿಸುವುದಿಲ್ಲ, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ಎರಡು ವರ್ಷದ ಅವಧಿ ಇದೆ, ಆತುರ ಬೇಡ ಎಂದು ಹೇಳಿದೆ. ಆಮೇಲೆ ಇಬ್ಬರೂ ಗ್ಯಾರೇಜಿಗೆ ಹೋದೆವು. ಶೆಲ್ಲುಗಳು ಒಂದು ಬಕೆಟ್ಟಿನಲ್ಲಿ, ಪುಣ್ಯಕ್ಕೆ ತೊಳೆಯದೆ, ಬಿದ್ದಿದ್ದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ನಡುವೆ ತಾಮ್ರ ಹೊಳೆಯುತ್ತಿತ್ತು. ಹಾಗಾದರೆ ಎಣ್ಣೆಯ ದಾರಿ ಹುಡುಕಬೇಕು. ಪಂಪ್, ಸ್ಟ್ರೇನರ್, ಬ್ಲಾಕಿನ ಗ್ಯಾಲರಿ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಯಾವಾಗ ಹತ್ತಿತು, ಹತ್ತಿದ ಮೇಲೆ ಎಷ್ಟು ದೂರ ಓಡಿತು. ಕೊನೆಯ ಪ್ರಶ್ನೆಯನ್ನು ಅವರಿಗೆ ಕೇಳಿದಾಗ ಅವರು ಬಕೆಟ್ಟಿನ ಕಡೆ ನೋಡಿದರು. ನಾನು ಒತ್ತಾಯಿಸಲಿಲ್ಲ. ಹಾಳೆಯಲ್ಲಿ ಎದುರುದಾರರ ಜಾಗ ಇನ್ನೂ ಖಾಲಿಯಿದೆ, ಭಾಗಗಳನ್ನೆಲ್ಲ ತಿಳಿದವರೊಬ್ಬರಿಗೆ ತೋರಿಸಿ ಆಮೇಲೆ ತುಂಬೋಣ ಎಂದಿದ್ದೇನೆ.

ಆ ಸಂಜೆ ಮನೆಗೆ ಬಂದಾಗ ಅಪ್ಪ ಹಿತ್ತಲಲ್ಲಿ ಹುರುಳಿ ಕೇರುತ್ತಿದ್ದರು. ಎಪ್ಪತ್ತು ದಾಟಿದೆ, ಗಾಡಿ ಮಾರಿ ಎಷ್ಟೋ ವರ್ಷವಾಯಿತು. ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. “ಅಪ್ಪಾ, ಅವತ್ತು ಮೇಸ್ತ್ರಿ ರೇಡಿಯೇಟರ್ ವಿಷಯ ಹೇಳಿದ್ದರು. ನನಗೆ ಕೇಳಿಸಿತ್ತು. ನೆನಪಿಲ್ಲ ಎಂದು ಸುಳ್ಳು ಹೇಳಿದೆ.”

ಮೊರ ನಿಲ್ಲಲಿಲ್ಲ. ಹೊಟ್ಟು ಗಾಳಿಗೆ ಹಾರುತ್ತಿತ್ತು. ಇನ್ನೆರಡು ಸಲ ಕೇರಿ, ಕಲ್ಲು ಆರಿಸಿ ಬಿಸಾಡಿ, ಅಪ್ಪ ಹೇಳಿದರು: “ನನಗೂ ಕೇಳಿಸಿತ್ತು.”

ಸ್ವಲ್ಪ ಹೊತ್ತು ಬಿಟ್ಟು, ಆ ಮೇಸ್ತ್ರಿ ಈಗಲೂ ಬಂಗಾರಪೇಟೆ ರಸ್ತೆಯಲ್ಲೇ ಇದ್ದಾನೆಯೇ ಎಂದು ಕೇಳಿದರು.